ಹಾರಿದ್ದು ಬೇಗ, ನಿಂತದ್ದು ತಡವಾಗಿ

ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕಿನ ಪಿಂಪಳಗಾಂವ್ ಬಸವಂತ್ ಮುಂಬೈ–ಆಗ್ರಾ ಹೆದ್ದಾರಿಯ ಮೇಲಿನ ಊರು. ಹೊರಗಿನವರಿಗೆ ಅದರ ಪರಿಚಯ ದ್ರಾಕ್ಷಿ ತೋಟಗಳಿಂದ, ಈರುಳ್ಳಿ ಮತ್ತು ಟೊಮೆಟೊ ಮಾರುಕಟ್ಟೆಯಿಂದ. ಅದೇ ಹೆದ್ದಾರಿಯಲ್ಲಿ ನಾಸಿಕ್ ಕಡೆಗೆ ಸಾಗಿದರೆ, ಅದೇ ತಾಲೂಕಿನ ಓಝರ್ ಸಿಗುತ್ತದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುಮಾಡಿದ ವಿಮಾನ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು. 1960ರ ದಶಕದಲ್ಲಿ ಮಿಗ್-21 ಯುದ್ಧವಿಮಾನಗಳ ತಯಾರಿಗಾಗಿ ಓಝರ್‌ನಲ್ಲಿ ಅದರ ಘಟಕ ಎದ್ದು ನಿಂತಿತು.

ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನವನ್ನು ಈ ದ್ರಾಕ್ಷಿ ಸೀಮೆಯಲ್ಲಿ ಜೋಡಿಸುತ್ತಿದ್ದ ಆ ದಿನಗಳಲ್ಲಿ, ಅಂಗೈಯಗಲದ ನಾಲ್ಕು ಪ್ರೊಪೆಲ್ಲರಿನ ಯಂತ್ರವೊಂದನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವ ವಿದ್ಯೆ ಯಾರ ಕೈಯಲ್ಲೂ ಇರಲಿಲ್ಲ. ಇಂದು ಅದು ಮಕ್ಕಳ ಆಟಿಕೆ. ಆದರೂ ಹವ್ಯಾಸಕ್ಕಾಗಿ ಕ್ವಾಡ್‌ಕಾಪ್ಟರ್ ಕಟ್ಟುವವರ ದೂರುಗಳನ್ನು ಕೇಳಿದರೆ ಹೆಚ್ಚಿನವು ಎರಡೇ ಬಗೆಯವು. ‘ನೆಲ ಬಿಟ್ಟ ಕೂಡಲೇ ಮಗುಚಿಕೊಳ್ಳುತ್ತದೆ’ ಎಂಬುದು ಒಂದು. ‘ಬ್ಯಾಟರಿ ತುಂಬಿದ್ದರೂ ಎರಡೇ ನಿಮಿಷಕ್ಕೆ ಬೀಳುತ್ತದೆ’ ಎಂಬುದು ಇನ್ನೊಂದು. ಮೊದಲನೆಯದು ಸ್ಥಿರತೆಯ ತೊಂದರೆ, ಎರಡನೆಯದು ಶಕ್ತಿಯ ತೊಂದರೆ. ಎರಡಕ್ಕೂ ನೂರು ವರ್ಷ ದಾಟಿದ ಚರಿತ್ರೆಯಿದೆ. ಆ ಚರಿತ್ರೆ ಗೊತ್ತಿದ್ದರೆ ಕೈಯಲ್ಲಿರುವ ಯಂತ್ರದ ದೋಷ ಹುಡುಕುವುದೂ ಸುಲಭವಾಗುತ್ತದೆ.

1907ರಲ್ಲಿ ಫ್ರಾನ್ಸಿನ ದುಎ ಪಟ್ಟಣದಲ್ಲಿ ಲೂಯಿ ಬ್ರೆಗೆ ಮತ್ತು ಅವನ ಸಹೋದರ ಝಾಕ್, ಶರೀರಶಾಸ್ತ್ರಜ್ಞ ಶಾರ್ಲ್ ರಿಶೆಯ ಜೊತೆ ಸೇರಿ ‘ಜೈರೋಪ್ಲೇನ್’ ಎಂಬ ಯಂತ್ರ ಕಟ್ಟಿದರು. ನಾಲ್ಕು ತೋಳುಗಳ ತುದಿಯಲ್ಲಿ ನಾಲ್ಕು ರೋಟರ್, ನಡುವೆ ಒಂದು ಪೆಟ್ರೋಲ್ ಎಂಜಿನ್, ಅದರ ಪಕ್ಕ ಮನುಷ್ಯ. ಯಂತ್ರ ಎದ್ದಿತು. ಆದರೆ ಎದ್ದದ್ದು ಎರಡು ಅಡಿಯಷ್ಟೇ. ಅದೂ ನಾಲ್ಕು ಮೂಲೆಯಲ್ಲಿ ನಾಲ್ವರು ನಿಂತು ಕೈಯಿಂದ ಹಿಡಿದು ವಾಲದಂತೆ ನೋಡಿಕೊಂಡಾಗ. ಮನುಷ್ಯನನ್ನು ಹೊತ್ತು ನೆಲ ಬಿಟ್ಟ ಮೊದಲ ಲಂಬಯಂತ್ರಗಳಲ್ಲಿ ಇದೂ ಒಂದು. ಅದಕ್ಕೆ ಎತ್ತುವ ಶಕ್ತಿ ಇತ್ತು, ತನ್ನನ್ನು ತಾನೇ ಹಿಡಿದುಕೊಳ್ಳುವ ಉಪಾಯ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬ್ರೆಗೆ ಆಗಲೇ ಸರಿಯಾದ ದಾರಿ ಹಿಡಿದಿದ್ದ. ಒಂದು ಅಡ್ಡಮೂಲೆಯ ಎರಡು ರೋಟರ್‌ಗಳು ಬಲಕ್ಕೆ ತಿರುಗಿದರೆ ಇನ್ನೊಂದು ಅಡ್ಡಮೂಲೆಯವು ಎಡಕ್ಕೆ ತಿರುಗುತ್ತಿದ್ದವು. ರೋಟರ್ ಒಂದು ಕಡೆ ತಿರುಗಿದರೆ ಯಂತ್ರದ ದೇಹ ಅದರ ವಿರುದ್ಧ ದಿಕ್ಕಿಗೆ ತಿರುಗಲು ಹೋಗುತ್ತದೆ. ಎರಡು ಜೋಡಿ ಎದುರುಬದುರಾದರೆ ಆ ಸೆಳೆತ ಒಂದನ್ನೊಂದು ಹೊಡೆದುಹಾಕುತ್ತದೆ. ಇಂದಿನ ಐವತ್ತು ಗ್ರಾಂ ಆಟಿಕೆಯಲ್ಲೂ ಇದೇ ನಿಯಮ. ಹಾಗಾಗಿ ಏರುವಾಗಲೇ ಮಗುಚುವ ಕ್ವಾಡ್‌ಕಾಪ್ಟರ್‌ನಲ್ಲಿ ಮೊದಲು ನೋಡಬೇಕಾದದ್ದೂ ಇದನ್ನೇ. ಯಾವ ಮೂಲೆಯ ಮೋಟಾರ್ ಯಾವ ದಿಕ್ಕಿಗೆ ತಿರುಗುತ್ತಿದೆ, ಆ ದಿಕ್ಕಿಗೆ ತಕ್ಕ ಪ್ರೊಪೆಲ್ಲರ್ ಅಲ್ಲಿದೆಯೇ, ಅದು ತಲೆಕೆಳಗಾಗಿ ಕೂತಿಲ್ಲವೇ, ನಿಯಂತ್ರಣ ಬೋರ್ಡಿನ ಮೇಲಿನ ಬಾಣದ ಗುರುತು ಯಂತ್ರದ ಮುಂಭಾಗಕ್ಕೆ ಇದೆಯೇ. ಇದರಲ್ಲಿ ಒಂದು ತಪ್ಪಿದರೂ ಬೋರ್ಡು ಯಂತ್ರವನ್ನು ಸರಿಪಡಿಸಲು ಹೋಗಿ ಇನ್ನಷ್ಟು ವಾಲಿಸುತ್ತದೆ. ಮೋಟಾರ್ ತಿರುಗಿಸಿ ನೋಡುವ ಮೊದಲು ನಾಲ್ಕೂ ಪ್ರೊಪೆಲ್ಲರ್ ಕಳಚಿಡುವುದು ಬೆರಳು ಉಳಿಸಿಕೊಳ್ಳುವ ಕ್ರಮ.

ಬ್ರೆಗೆಯ ನಂತರದ ದೊಡ್ಡ ಹೆಜ್ಜೆ ಬಿದ್ದದ್ದು 1922ರಲ್ಲಿ. ಫ್ರಾನ್ಸಿನಲ್ಲಿ ಎತಿಯೆನ್ ಎಮಿಶೆನ್ ಎಂಬ ಎಂಜಿನಿಯರ್ ನಾಲ್ಕು ರೋಟರ್‌ಗಳ ಜೊತೆಗೆ ಎಂಟು ಸಣ್ಣ ಪ್ರೊಪೆಲ್ಲರ್ ಸೇರಿಸಿದ. ವಾಲದಂತೆ ನೋಡಿಕೊಳ್ಳಲು ಕೆಲವು, ತಿರುಗಿಸಲು ಒಂದು, ಮುಂದೆ ತಳ್ಳಲು ಕೆಲವು. ಎಲ್ಲಕ್ಕೂ ಒಂದೇ ಎಂಜಿನ್. 1924ರ ಮೇ 4ರಂದು ಅದು ಒಂದು ಕಿಲೋಮೀಟರ್ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಇಳಿಯಿತು. ಹಿಡಿದ ಸಮಯ 7 ನಿಮಿಷ 40 ಸೆಕೆಂಡ್. ಅಂದರೆ ಬಿರುಸಾಗಿ ನಡೆಯುವವನಿಗಿಂತ ಕೊಂಚ ಹೆಚ್ಚಿನ ವೇಗ.

ಅದೇ 1922ರ ಡಿಸೆಂಬರ್ 18ರಂದು ಅಮೆರಿಕದ ಡೇಟನ್‌ನಲ್ಲಿ, ರಷ್ಯಾದಿಂದ ವಲಸೆ ಬಂದಿದ್ದ ಜಾರ್ಜ್ ಡಿ ಬೋಥೆಜಾಟ್ ಸೈನ್ಯಕ್ಕಾಗಿ ಕಟ್ಟಿದ ನಾಲ್ಕು ರೋಟರಿನ ಯಂತ್ರ ಒಂದು ನಿಮಿಷ 42 ಸೆಕೆಂಡ್ ಗಾಳಿಯಲ್ಲಿ ನಿಂತಿತು. ಮುಂದೆಯೂ ಹಲವಾರು ಬಾರಿ ಹಾರಿತು, ಆದರೆ ಕೆಲವೇ ಮೀಟರ್ ಎತ್ತರಕ್ಕೆ. ಎಂಜಿನ್ನಿನ ಬಲ ಸಾಲಲಿಲ್ಲ. ಪೈಲಟ್ ಒಬ್ಬನೇ ಎಲ್ಲ ಲಿವರ್, ಪೆಡಲ್, ಚಕ್ರಗಳನ್ನು ಒಟ್ಟಿಗೆ ಸಂಭಾಳಿಸುವುದೂ ಕಷ್ಟವಾಯಿತು. ಸೈನ್ಯ ಯೋಜನೆಯನ್ನು ಕೈಬಿಟ್ಟಿತು. ನಂತರದ ದಶಕಗಳಲ್ಲಿ ಗೆದ್ದದ್ದು ಒಂದು ದೊಡ್ಡ ರೋಟರ್, ಬಾಲದಲ್ಲೊಂದು ಸಣ್ಣ ರೋಟರ್ ಇರುವ ಹೆಲಿಕಾಪ್ಟರ್.

ಕಾಕತಾಳೀಯವೆಂಬಂತೆ, ನಾಲ್ಕು ರೋಟರಿನ ಯಂತ್ರವನ್ನು ಮುಂದೊಂದು ದಿನ ಬದುಕಿಸಿದ ಲೆಕ್ಕವೂ ಅದೇ 1922ರಲ್ಲಿ ಪ್ರಕಟವಾಯಿತು. ಬರೆದವನು ಅಮೆರಿಕಕ್ಕೆ ಬಂದ ಇನ್ನೊಬ್ಬ ರಷ್ಯನ್, ನಿಕೊಲಾಸ್ ಮಿನೋರ್ಸ್ಕಿ. ಅವನ ಯೋಚನೆಯಲ್ಲಿದ್ದದ್ದು ಹಡಗು. ಚುಕ್ಕಾಣಿ ಹಿಡಿಯುವ ನುರಿತ ನಾವಿಕ ದಾರಿ ಎಷ್ಟು ತಪ್ಪಿದೆ ಎಂದಷ್ಟೇ ನೋಡುವುದಿಲ್ಲ. ಎಷ್ಟು ವೇಗವಾಗಿ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆ ಎಳೆಯುತ್ತಿದೆ ಎಂಬುದನ್ನೂ ಗಮನಿಸುತ್ತಾನೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವವರ ಕತ್ತು ಮಾಡುವುದೂ ಇದೇ ಕೆಲಸ. ಈ ಮೂರನ್ನೂ ಕೂಡಿಸಿ ತಿದ್ದುವ ಕ್ರಮವನ್ನು ಈಗ ಪಿಐಡಿ ಎನ್ನುತ್ತಾರೆ. ಪ್ರತಿ ಕ್ವಾಡ್‌ಕಾಪ್ಟರ್‌ನ ಒಳಗೂ ಅದು ಸೆಕೆಂಡಿಗೆ ನೂರಾರು, ಕೆಲವದರಲ್ಲಿ ಸಾವಿರಾರು ಸಲ ನಡೆಯುತ್ತಿರುತ್ತದೆ.

ಲೆಕ್ಕ ಇತ್ತು, ಆದರೆ ವಾಲಿಕೆಯನ್ನು ಅಳೆದು ಹೇಳುವ ಹಗುರವಾದ ಸಾಧನ ಇರಲಿಲ್ಲ. ಅಷ್ಟು ಬೇಗ ವೇಗ ಬದಲಿಸುವ ಎಂಜಿನ್ನೂ ಇರಲಿಲ್ಲ. ಇವು ಬಂದದ್ದು ವಿಮಾನ ಕಾರ್ಖಾನೆಗಳಿಂದಲ್ಲ. 1990ರ ದಶಕದಲ್ಲಿ ಕಾರಿನ ಏರ್‌ಬ್ಯಾಗ್ ಬಿಚ್ಚಿಸಲೆಂದು ಸಿಲಿಕಾನ್ ಚಿಪ್ಪಿನ ಮೇಲೆ ಕೆತ್ತಿದ ಚಲನೆಯ ಸೆನ್ಸರ್‌ಗಳು ಬಂದವು. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2009ರಲ್ಲಿ ನಿಂಟೆಂಡೊ ತನ್ನ ವೀ ಆಟಕ್ಕೆ ಜೈರೋ ಸೆನ್ಸರ್ ಇರುವ ಮೋಷನ್ ಪ್ಲಸ್ ಎಂಬ ತುಂಡನ್ನು ಸೇರಿಸಿತು. ಹವ್ಯಾಸಿಗಳು ಅದನ್ನು ಬಿಚ್ಚಿ, ಒಳಗಿನ ಬೋರ್ಡನ್ನು ಆರ್ಡುಯಿನೊಗೆ ಬೆಸೆದು ಹಾರಿಸಿದರು. ಮಲ್ಟಿವೀ ಎಂಬ ಮುಕ್ತ ತಂತ್ರಾಂಶದ ಹೆಸರಿನಲ್ಲಿರುವ ‘ವೀ’ ಆ ಆಟದ್ದೇ. 1907ರಲ್ಲಿ ನಾಲ್ಕು ಮೂಲೆಯಲ್ಲಿ ನಿಂತಿದ್ದ ನಾಲ್ವರ ಕೆಲಸವನ್ನು ಈಗ ಉಗುರಿಗಿಂತ ಸಣ್ಣ ಚಿಪ್ ವಹಿಸಿಕೊಂಡಿತು.

ಆ ಚಿಪ್‌ಗೆ ಕಿವಿಯಷ್ಟೇ ಇದೆ, ಕಣ್ಣಿಲ್ಲ. ಅದು ಕೇಳುವುದು ಅಲುಗಾಟವನ್ನು. ಅಂಚು ಮುರಿದ ಪ್ರೊಪೆಲ್ಲರ್, ಬಾಗಿದ ಮೋಟಾರ್ ಕಡ್ಡಿ, ಸಡಿಲ ಸ್ಕ್ರೂ, ಸೀಳಿದ ತೋಳು, ಕಡ್ಡಿಗೆ ಸುತ್ತಿಕೊಂಡ ಕೂದಲು, ಇವೆಲ್ಲ ಹುಟ್ಟಿಸುವ ನಡುಕವನ್ನೂ ಚಿಪ್ ನಿಜವಾದ ವಾಲಿಕೆ ಎಂದೇ ತಿಳಿಯುತ್ತದೆ. ಆಗ ಯಂತ್ರ ನಡುಗುತ್ತದೆ, ಒಂದು ಕಡೆ ಸರಿಯುತ್ತದೆ, ಮೋಟಾರ್ ಬಿಸಿಯಾಗುತ್ತದೆ. ಪಿಐಡಿ ಅಂಕಿಗಳನ್ನು ತಿದ್ದಲು ಕೂರುವ ಮೊದಲು ಪ್ರೊಪೆಲ್ಲರ್ ಬದಲಿಸಿ ನೋಡಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ. ಒಂದು ಮೋಟಾರ್ ಮೇಲೆ ಅನುಮಾನವಿದ್ದರೆ ಅದನ್ನು ಅದೇ ದಿಕ್ಕಿಗೆ ತಿರುಗುವ ಅಡ್ಡಮೂಲೆಯ ಮೋಟಾರಿನೊಂದಿಗೆ ಅದಲುಬದಲು ಮಾಡಬೇಕು. ತೊಂದರೆ ಮೋಟಾರಿನ ಜೊತೆ ಜಾಗ ಬದಲಿಸಿದರೆ ದೋಷ ಮೋಟಾರಿನದು. ಇದ್ದಲ್ಲೇ ಉಳಿದರೆ ವೈರಿನದು ಅಥವಾ ಬೋರ್ಡಿನದು.

ಸ್ಥಿರತೆಯ ತೊಂದರೆ ಹೀಗೆ ಬಹುಮಟ್ಟಿಗೆ ಬಗೆಹರಿಯಿತು. ಡಿ ಬೋಥೆಜಾಟ್‌ನನ್ನು ಕಾಡಿದ ಶಕ್ತಿಯ ತೊಂದರೆ ಹಾಗೆ ಬಗೆಹರಿದಿಲ್ಲ. ಗಾಳಿಯಲ್ಲಿ ನಿಲ್ಲುವುದೇ ದುಬಾರಿ. ಅದೇ ಪ್ರೊಪೆಲ್ಲರ್ ಇಟ್ಟುಕೊಂಡು ತೂಕ ಎರಡು ಪಟ್ಟಾದರೆ ನಿಲ್ಲಲು ಬೇಕಾದ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ. ದೊಡ್ಡ ಬ್ಯಾಟರಿ ಹಾಕಿದರೂ ಹಾರುವ ಹೊತ್ತು ಅಷ್ಟೇನೂ ಹೆಚ್ಚದಿರುವುದು ಇದರಿಂದಲೇ.

‘ತುಂಬಿದ ಬ್ಯಾಟರಿ’ ಮೋಸ ಮಾಡುವ ಬಗೆಯನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಒಂದೇ ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಳೆಯದಾದಂತೆ ಅದರ ಒಳಗಿನ ತಡೆ ಏರುತ್ತದೆ. ಆ ತಡೆ 0.1 ಓಮ್ ಆಯಿತೆನ್ನೋಣ. ನಾಲ್ಕು ಮೋಟಾರ್ ಸೇರಿ 10 ಆಂಪಿಯರ್ ಎಳೆದರೆ ಒಳಗೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಅರ್ಧ ಹಾರಾಟಕ್ಕೆ 3.8ಕ್ಕೆ ಇಳಿದಿದ್ದ ಬ್ಯಾಟರಿ ಆ ಕ್ಷಣ ಹೊರಗೆ ಕೊಡುವುದು 2.8 ಮಾತ್ರ. ನಿಯಂತ್ರಣ ಬೋರ್ಡು ಪ್ರಜ್ಞೆ ತಪ್ಪುತ್ತದೆ, ಮೋಟಾರ್ ನಿಲ್ಲುತ್ತವೆ, ಯಂತ್ರ ಬೀಳುತ್ತದೆ. ಬಿದ್ದ ಮೇಲೆ ಹೊರೆ ಇಲ್ಲ. ಮಲ್ಟಿಮೀಟರ್ ಹಿಡಿದರೆ ಮತ್ತೆ 3.8 ತೋರಿಸುತ್ತದೆ. ‘ಬ್ಯಾಟರಿ ಸರಿಯಿದೆ, ಬೋರ್ಡೇ ಕೆಟ್ಟಿದೆ’ ಎಂದು ಜನ ಹೊಸ ಬೋರ್ಡಿಗೆ ದುಡ್ಡು ಸುರಿಯುವುದು ಇಲ್ಲಿ.

ಕೊಳೆಯಾದ ಅಥವಾ ಸಡಿಲವಾದ ಕನೆಕ್ಟರ್, ಬಿಸಿ ಸಾಲದೆ ಕೂತ ಬೆಸುಗೆ, ತೀರ ಸಣ್ಣ ವೈರ್, ಇವೂ ಅದೇ ತಡೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಅಳೆಯಬೇಕಾದದ್ದು ಹೊರೆ ಇರುವಾಗಿನ ವೋಲ್ಟೇಜ್. ಹೊಸ ಬ್ಯಾಟರಿಯೊಂದನ್ನು ಹಾಕಿ ಹೋಲಿಸುವುದು ಇನ್ನೂ ಸುಲಭ. ಉಬ್ಬಿದ ಬ್ಯಾಟರಿಯನ್ನಂತೂ ಮತ್ತೆ ಚಾರ್ಜಿಗೆ ಹಾಕಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ಭಾರತದಲ್ಲಿ ಬಹಳ ಜನ ಇಂಥ ಯಂತ್ರವನ್ನು ಮೊದಲು ಕಂಡದ್ದು 2009ರ ‘3 ಈಡಿಯಟ್ಸ್’ ಚಿತ್ರದಲ್ಲಿ. ಕಾಲೇಜಿನ ದೃಶ್ಯಗಳ ಚಿತ್ರೀಕರಣ ನಡೆದದ್ದು ಬೆಂಗಳೂರಿನ ಐಐಎಂ ಆವರಣದಲ್ಲಿ. ಹಾರಿದ ಯಂತ್ರ ಐಐಟಿ ಬಾಂಬೆಯ ಪದವೀಧರರು ಕಟ್ಟಿದ ಐಡಿಯಾಫೋರ್ಜ್ ಸಂಸ್ಥೆಯದು. ಕಥೆಯಲ್ಲಿ ಒಬ್ಬ ವಿದ್ಯಾರ್ಥಿಯ ಯಂತ್ರ ಗಡುವಿನೊಳಗೆ ಹಾರುವುದಿಲ್ಲ, ಅವನಿಗೆ ಇನ್ನಷ್ಟು ದಿನ ಕೊಡಲು ಕಾಲೇಜು ಒಪ್ಪುವುದಿಲ್ಲ. ಗೆಳೆಯ ದೋಷ ಹುಡುಕಿ ಹಾರಿಸುವ ಹೊತ್ತಿಗೆ ತಡವಾಗಿರುತ್ತದೆ. ದೋಷ ಹುಡುಕಲು ಬೇಕಾದ ಸಮಯವನ್ನು ಸೋಲೆಂದು ಲೆಕ್ಕಹಾಕುವ ವ್ಯವಸ್ಥೆಯ ಬಗ್ಗೆ ಆ ದೃಶ್ಯ ಹೇಳಿದಷ್ಟನ್ನು ಭಾಷಣಗಳು ಹೇಳಲಾರವು.

ಮುಂದೆ ಕಾನೂನೂ ಬಂತು. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನಿಯಮಗಳು ಸಿದ್ಧವಾಗುವವರೆಗೆ ಖಾಸಗಿ ಡ್ರೋನ್ ಹಾರಾಟವನ್ನೇ ನಿಲ್ಲಿಸಿತು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಬಾಗಿಲು ತೆರೆದವು. 250 ಗ್ರಾಂವರೆಗಿನ ಯಂತ್ರಕ್ಕೆ ಪೈಲಟ್ ಪರವಾನಗಿ ಬೇಕಿಲ್ಲ. ಆದರೆ ಓಝರ್‌ನಂಥ ವಿಮಾನ ನಿಲ್ದಾಣದ ಸುತ್ತ ಎಲ್ಲಿ ಎಷ್ಟು ಎತ್ತರ ಹಾರಬಹುದು ಎಂಬುದನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಯೇ ಹೊರಡಬೇಕು. 2022ರ ಫೆಬ್ರುವರಿ 9ರಂದು ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಗಳಿಗಷ್ಟೇ ವಿನಾಯಿತಿ. ಬಿಡಿಭಾಗಗಳ ಆಮದಿಗೆ ಮಾತ್ರ ಅಡ್ಡಿಯಿಲ್ಲ. ಕೊಳ್ಳುವ ದಾರಿ ಕಿರಿದಾಗಿ, ಕಟ್ಟುವ ಮತ್ತು ರಿಪೇರಿ ಮಾಡುವ ದಾರಿ ತೆರೆದೇ ಉಳಿಯಿತು. ಮೋಟಾರ್, ಬೋರ್ಡು, ಬ್ಯಾಟರಿಗಳನ್ನು ಬೇರೆ ಬೇರೆ ಅಂಗಡಿಯಿಂದ ತಂದು ಕೂಡಿಸುವವನಿಗೆ ದೋಷ ಹುಡುಕುವುದು ಗೊತ್ತಿರಲೇಬೇಕು. ಅಲ್ಲಿ ಪೆಟ್ಟಿಗೆಯ ಜೊತೆ ಬರುವ ಖಾತ್ರಿ ಚೀಟಿ ಇಲ್ಲ.

ಇದು ಆಟಕ್ಕೆ ನಿಲ್ಲುವ ಮಾತಲ್ಲ. ದ್ರಾಕ್ಷಿ ಬಳ್ಳಿಗೆ ಅಕಾಲ ಮಳೆಯ ನಂತರ ಬೂಜು ರೋಗ ತಗುಲಿದರೆ ಔಷಧಿ ಬೀಳಬೇಕಾದದ್ದು ಬೇಗ. ಅಂಥ ಕೆಲಸಕ್ಕೆ ಈಗ ಹತ್ತು ಲೀಟರ್ ಹೊರುವ ಡ್ರೋನ್‌ಗಳು ಬಂದಿವೆ. ಬೆಲೆ ಲಕ್ಷಗಳಲ್ಲಿ, ಬಿದ್ದರೆ ಕೆಳಗೆ ಬೆಳೆ ಮತ್ತು ಮನುಷ್ಯರು. ಆದರೂ ಅದರ ಕಾಯಿಲೆಗಳು ಅಂಗೈಯಗಲದ ಆಟಿಕೆಯವೇ. ನಡುಗುವ ಪ್ರೊಪೆಲ್ಲರ್, ಹೊರೆ ಬಿದ್ದಾಗ ಕುಸಿಯುವ ಬ್ಯಾಟರಿ, ಔಷಧಿಯ ತೇವಕ್ಕೆ ಕಿಲುಬು ಹಿಡಿದ ಕನೆಕ್ಟರ್. ಆಟಿಕೆ ಮಗುಚಿದಾಗ ಎಸೆಯದೆ ಕಾರಣ ಹುಡುಕಿದ ಕೈಗೆ ಹೊಲದ ಯಂತ್ರದ ಮುಂದೆ ಕೂತಾಗಲೂ ಎಲ್ಲಿಂದ ಶುರುಮಾಡಬೇಕು ಎಂಬುದು ಗೊತ್ತಿರುತ್ತದೆ.