ಮೂತ್ರಪಿಂಡದ ಕ್ಯಾನ್ಸರ್: ಹಾರ್ಮೋನ್ ಹಾದಿ ಮತ್ತು ಔಷಧ ನಿರೋಧ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಬ್ಯಾರನ್‌ಗಳಲ್ಲಿ ಬೇಯುವ ವರ್ಜೀನಿಯಾ ತಂಬಾಕು ಸೇರುವುದು ಸಿಗರೇಟಿಗೆ. ಸಿಗರೇಟು ಶ್ವಾಸಕೋಶಕ್ಕಷ್ಟೇ ಅಲ್ಲ, ಮೂತ್ರಪಿಂಡದ ಕ್ಯಾನ್ಸರಿಗೂ ಕಾರಣ. (ಮಾತು ಸೇದುವವರದು, ಬೆಳೆಯುವವರದಲ್ಲ.) ಈ ರೋಗದ ಬಹುಪಾಲು ಗೆಡ್ಡೆಗಳಲ್ಲಿ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ. ಅದು ಸರಿಯಿದ್ದಾಗ ನಾಶವಾಗಬೇಕಿದ್ದ ಹಿಫ್-2 ಆಲ್ಫಾ ಪ್ರೋಟೀನ್ ಆಗ ಉಳಿದುಕೊಂಡು, ರಕ್ತನಾಳ ಬೆಳೆಸುವ ವಿಇಜಿಎಫ್ ಅಂಶವನ್ನೂ, ಕೆಲವರಲ್ಲಿ ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಹಾರ್ಮೋನನ್ನೂ ಹೆಚ್ಚಿಸುತ್ತದೆ.

2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸುನಿಟಿನಿಬ್ ವಿಇಜಿಎಫ್ ಗ್ರಾಹಕಗಳನ್ನು ತಡೆಯಿತು. ಗೆಡ್ಡೆ ಮೆಟ್, ಆಕ್ಸೆಲ್ ಎಂಬ ಪಕ್ಕದ ದಾರಿ ಹಿಡಿಯಿತು; 2016ರ ಕ್ಯಾಬೊಜಾಂಟಿನಿಬ್ ಅವನ್ನೂ ಮುಚ್ಚಿತು. ಕಾಲುವೆಗೊಂದು ಒಡ್ಡು ಕಟ್ಟುವುದಕ್ಕಿಂತ ಕೆರೆಯ ತೂಬನ್ನೇ ಮುಚ್ಚುವುದು ಲೇಸು. 2023ರಲ್ಲಿ ಈ ರೋಗಕ್ಕೆ ಒಪ್ಪಿಗೆ ಸಿಕ್ಕ ಬೆಲ್ಜುಟಿಫಾನ್ ಹಿಫ್-2 ಆಲ್ಫಾವನ್ನೇ ಹಿಡಿಯುತ್ತದೆ. ಎರಿತ್ರೊಪೊಯೆಟಿನ್ ಕುಗ್ಗಿ ರಕ್ತಹೀನತೆ ಬರುವುದು ಮದ್ದು ನಾಟಿದ್ದರ ಗುರುತೂ ಹೌದು, ಅಡ್ಡಪರಿಣಾಮವೂ ಹೌದು. ಇದಕ್ಕೂ ನಿರೋಧ ಬರುವುದಲ್ಲವೇ ಎಂಬ ಆಕ್ಷೇಪ ನಿಜವೇ: ಆ ಪ್ರೋಟೀನಿನ ಜೀನೇ ಬದಲಾಗಿ ಈ ಬಗೆಯ ಮದ್ದು ಹಿಡಿಯದಂತಾದದ್ದು ಕಂಡಿದೆ. ಆದರೆ ಅದು ಮೂಲವನ್ನು ಬಿಡಲು ಕಾರಣವಲ್ಲ, ಮದ್ದುಗಳನ್ನು ಜೋಡಿಸಿ ಕೊಡಲು ಕಾರಣ. ಮೊದಲೇ ಪತ್ತೆಯಾದ ಗೆಡ್ಡೆಗೆ ಹಲವು ಬಾರಿ ಶಸ್ತ್ರಚಿಕಿತ್ಸೆಯೇ ಸಾಕು. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ, ಕೂಡಲೇ ವೈದ್ಯರನ್ನು ಕಾಣಬೇಕು.