ಚಾಳೀಸಿನ ಚರಿತ್ರೆ

ನಲವತ್ತರ ಗಡಿಯನ್ನು ದಾಟಿದ ಮೇಲೆ ಪುಸ್ತಕವನ್ನು ಮುಖದಿಂದ ದೂರ ದೂರ ಸರಿಸುತ್ತ ಹೋಗಿ, ಕೊನೆಗೆ ಕೈಯ ಉದ್ದವೇ ಸಾಲದೆ ಬರುವುದು ಓದುಬರಹ ಬಲ್ಲ ಎಲ್ಲರಿಗೂ ಒಂದು ದಿನ ಒದಗುವ ಅನುಭವವಷ್ಟೆ. ಇದಕ್ಕೆ ನಮ್ಮ ಜನರಿಟ್ಟ ಹೆಸರು ಚಾಳೀಸು. ಮರಾಠಿ ಹಿಂದಿಗಳಲ್ಲಿ ನಲವತ್ತನ್ನು ಸೂಚಿಸುವ ಮಾತೇ ನಮ್ಮಲ್ಲಿ ಕಣ್ಣಿನ ಈ ಸ್ಥಿತಿಗೂ ಅದನ್ನು ತಿದ್ದುವ ಕನ್ನಡಕಕ್ಕೂ ಹೆಸರಾಗಿ ನಿಂತಿದೆ. ಕಣ್ಣೆಂಬ ಅರ್ಥದ ಫಾರಸಿ ಪದದಿಂದ ಚಷ್ಮಾ ಬಂದಿತು; ಸಂಸ್ಕೃತಪ್ರಿಯರು ಸುಲೋಚನವೆಂದರು, ಉಪನೇತ್ರವೆಂದರು. ಇಷ್ಟು ಹೆಸರುಗಳನ್ನು ಪಡೆದ ಈ ಚಿಕ್ಕ ಸಾಧನವು ನಮ್ಮ ನಾಡಿಗೆ ಎಂದು ಬಂದಿತು, ಯಾರ ಕಣ್ಣಿಗೆ ಬಂದಿತು, ಯಾರ ಕಣ್ಣಿಗೆ ಇನ್ನೂ ಬರಬೇಕಾಗಿದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಚಾಳೀಸು ರೋಗವಲ್ಲ, ಪೊರೆ ಬರುವುದೂ ಅಲ್ಲ. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಮಸೂರವು ಉಬ್ಬಬೇಕು. ಈ ಸಂಗತಿಯನ್ನು 1801ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗನು ಪ್ರಯೋಗಗಳಿಂದ ತೋರಿಸಿಕೊಟ್ಟನು. ವಯಸ್ಸಾದಂತೆ ಮಸೂರವು ಬಿರುಸಾಗಿ, ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದೂರದ ಗುಡಿಯ ಗೋಪುರ ಕಾಣುತ್ತದೆ, ಕೈಯಲ್ಲಿರುವ ಅಕ್ಷರ ಕಾಣದು. ಆ ಕುಂದನ್ನು ನಡುವೆ ದಪ್ಪವಾಗಿಯೂ ಅಂಚಿನಲ್ಲಿ ತೆಳ್ಳಗೂ ಇರುವ ಗಾಜು ತುಂಬಿಕೊಡುತ್ತದೆ.

ಕಾರಣ ತಿಳಿಯುವ ಮೊದಲೇ ಉಪಾಯ ದೊರೆತದ್ದು ಚರಿತ್ರೆಯ ಒಂದು ವಿನೋದ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿ ದೇಶದಲ್ಲಿ ಕನ್ನಡಕವು ಹುಟ್ಟಿತು. 1306ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಉಪದೇಶ ಮಾಡುತ್ತಿದ್ದ ಜೊರ್ಡಾನೊ ಎಂಬ ಪಾದ್ರಿಯು ಈ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲವೆಂದು ಹೇಳಿದನು. ಆ ಮೊದಲ ಕನ್ನಡಕಗಳು ಚಾಳೀಸಿನವರಿಗಾಗಿಯೇ ಆದವು. ದೂರದ್ದು ಕಾಣದವರಿಗೆ ಬೇಕಾದ ತಗ್ಗುಗಾಜು ಬಂದದ್ದು ಹದಿನೈದನೆಯ ಶತಮಾನದಲ್ಲಿ.

ಅದೇ ಕಾಲದ ನಮ್ಮ ಕಲಬುರಗಿಯನ್ನು ನೆನೆಯೋಣ. 1347ರಿಂದ ಬಹಮನಿ ಅರಸರ ರಾಜಧಾನಿಯಾಗಿದ್ದ ಈ ಊರಿಗೆ, 1321ರಲ್ಲಿ ಹುಟ್ಟಿದ ಖ್ವಾಜಾ ಬಂದೇನವಾಜರು ಸುಮಾರು ಎಂಬತ್ತರ ವಯಸ್ಸಿನಲ್ಲಿ ಬಂದು, 1422ರಲ್ಲಿ ಇಲ್ಲಿಯೇ ದೇಹಬಿಟ್ಟರು. ಅಂದಿನ ವಯೋವೃದ್ಧ ವಿದ್ವಾಂಸರಿಗೆಲ್ಲ ಇದ್ದ ಆಸರೆ ಎರಡೇ: ಕಂಠದಲ್ಲಿ ನೆಲೆಸಿದ ಪಾಠ, ಎದುರಿಗೆ ಕುಳಿತು ಓದಿ ಹೇಳುವ ಶಿಷ್ಯ.

ಮುಂದೆ ರಾಜಧಾನಿಯು ಬೀದರಿಗೆ ಹೋಯಿತು. ಅಲ್ಲಿ 1472ರಲ್ಲಿ ದೊಡ್ಡ ಮದರಸವನ್ನು ಕಟ್ಟಿಸಿದ ಮಂತ್ರಿ ಮಹಮೂದ ಗವಾನನಿಗೂ ಹೆರಾತಿನ ಕವಿ ಜಾಮಿಗೂ ಪತ್ರವ್ಯವಹಾರವಿತ್ತು. ಈ ಜಾಮಿಯೇ ತನ್ನ ಮುಪ್ಪಿನ ಕಾವ್ಯವೊಂದರಲ್ಲಿ, ಕಣ್ಣು ಸೋತು ಫಿರಂಗಿಯವರ ಗಾಜಿಗೆ ಮೊರೆಹೊಕ್ಕ ಸಂಗತಿಯನ್ನು ಹೇಳಿಕೊಂಡಿದ್ದಾನೆ. ಬೀದರಿನ ಪತ್ರಗಳು ಹೋಗಿ ಬರುತ್ತಿದ್ದ ದೂರದವರೆಗೆ ಕನ್ನಡಕವು ಬಂದುಮುಟ್ಟಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡ ನಾಡಿನೊಳಗಿನ ಸಾಕ್ಷ್ಯವು ವಿಜಯನಗರದಿಂದ ದೊರೆಯುತ್ತದೆ. ಕೃಷ್ಣದೇವರಾಯನ ಕಾಲದ ವ್ಯಾಸರಾಯರ ಜೀವನವನ್ನು ಕುರಿತು ಸೋಮನಾಥ ಕವಿಯು ಸಂಸ್ಕೃತದಲ್ಲಿ ವ್ಯಾಸಯೋಗಿಚರಿತವನ್ನು ಬರೆದನು. ಅದರಲ್ಲಿ ವ್ಯಾಸರಾಯರು ಕಣ್ಣಿಗೆ ಗಾಜಿನ ನೆರವನ್ನು ಪಡೆದು ಗ್ರಂಥವನ್ನು ಓದುವ ವರ್ಣನೆಯಿದೆ. ಇದು ಸುಮಾರು 1520ರ ಸಂಗತಿ. ಆಗ ಅವರಿಗೆ ಅರವತ್ತರ ಆಸುಪಾಸಿನ ವಯಸ್ಸು. ಭಾರತದಲ್ಲಿ ಕನ್ನಡಕದ ಬಳಕೆಗೆ ಇದು ಬಹಳ ಹಳೆಯ ಆಧಾರವೆಂದು ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು 1940ರ ದಶಕದಲ್ಲಿ ಎತ್ತಿ ತೋರಿಸಿದರು. 1510ರಲ್ಲಿ ಗೋವೆಯು ಪೋರ್ತುಗೀಸರ ವಶವಾದುದನ್ನು ನೆನೆದರೆ, ಗಾಜು ಬಂದ ದಾರಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ವ್ಯಾಸರಾಯರು 1539ರವರೆಗೆ ಬಾಳಿದರು. ಜ್ಞಾನವು ಪಕ್ವವಾಗುವ ಹೊತ್ತಿಗೆ ಕಣ್ಣು ಕೈಬಿಡುವುದೆಂಬ ಹಳೆಯ ಅನ್ಯಾಯಕ್ಕೆ ಹೀಗೊಂದು ಪರಿಹಾರವು ನಮ್ಮ ನೆಲದಲ್ಲಿ ಕಾಲಿಟ್ಟಿತು.

ಆಮೇಲಿನ ಕಥೆ ಸುಧಾರಣೆಗಳ ಕಥೆ. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನನು 1784ರ ಪತ್ರವೊಂದರಲ್ಲಿ, ಮೇಲರ್ಧ ದೂರಕ್ಕೆ, ಕೆಳಗಿನರ್ಧ ಓದಿಗೆ ಎಂದು ಜೋಡಿಸಿದ ತನ್ನ ಎರಡು ತುಂಡಿನ ಕನ್ನಡಕವನ್ನು ಕೊಂಡಾಡಿದ್ದಾನೆ. ನಡುವಿನ ಗೆರೆಯಿಲ್ಲದೆ ಬಲವು ಕ್ರಮವಾಗಿ ಏರುವ ಗಾಜನ್ನು ಫ್ರೆಂಚರು 1959ರಲ್ಲಿ ಮಾರುಕಟ್ಟೆಗೆ ತಂದರು. ಪೊರೆ ತೆಗೆದ ಕಣ್ಣಿನೊಳಗೆ ಕೃತಕ ಮಸೂರವನ್ನಿಡುವ ಚಿಕಿತ್ಸೆಯನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಆರಂಭಿಸಿದನು. ಈಗ ಹತ್ತಿರಕ್ಕೂ ದೂರಕ್ಕೂ ಒದಗುವ ಅಂಥ ಮಸೂರಗಳಿವೆ. ಕಣ್ಣಿಗಂಟುವ ಮಸೂರಗಳೂ ಉಂಟು. 2021ರಲ್ಲಿ ಅಮೆರಿಕೆಯಲ್ಲಿ ಕಣ್ಣಿಗೆ ಬಿಡುವ ಔಷಧವೊಂದಕ್ಕೂ ಅನುಮತಿ ದೊರೆಯಿತು. ಅದರ ಫಲ ಕೆಲವು ಗಂಟೆಗಳದು. ಇಷ್ಟೆಲ್ಲದರ ನಡುವೆಯೂ ಓದುಗನ್ನಡಕದಷ್ಟು ಸರಳವೂ ನಿರಪಾಯವೂ ಆದದ್ದು ಇನ್ನೊಂದಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಏರಿಸಿಕೊಳ್ಳುವ ಬದಲು ವೈದ್ಯರಿಂದ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಸದ್ದಿಲ್ಲದೆ ನೋಟವನ್ನು ಕಸಿಯುವ ಗ್ಲಾಕೋಮದಂತಹ ರೋಗಗಳು ಆ ನೆಪದಲ್ಲಿ ಸಿಕ್ಕಿಬೀಳುತ್ತವೆ.

ಆದರೆ ಚಾಳೀಸನ್ನು ಓದುವವರ ಕಷ್ಟವೆಂದು ಮಾತ್ರ ನಾವು ತಿಳಿದರೆ ತಪ್ಪಾದೀತು. ಕಲಬುರಗಿಗೆ ಹತ್ತಿದ ಕುಸನೂರನ್ನೇ ನೋಡೋಣ. ತೊಗರಿಗೆ ಹೆಸರಾದ ಸೀಮೆಯಿದು. ಇಲ್ಲಿ ಮೊರದಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುವ ತಾಯಿಗೂ, ಸೂಜಿಗೆ ದಾರ ಪೋಣಿಸುವ ಸಿಂಪಿಗನಿಗೂ ಬೇಕಾದುದು ವ್ಯಾಸರಾಯರಿಗೆ ಬೇಕಾಗಿದ್ದ ಅದೇ ಗಾಜು. ಅಸ್ಸಾಮಿನ ಚಹದ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಗಾರರಿಗೆ ಕನ್ನಡಕ ಕೊಟ್ಟು ನೋಡಿದ ಪರೀಕ್ಷೆಯ ಫಲವು 2018ರಲ್ಲಿ ಪ್ರಕಟವಾಯಿತು. ಕನ್ನಡಕವಿಲ್ಲದವರಿಗೆ ಹೋಲಿಸಿದರೆ ಅವರ ದುಡಿಮೆಯು ಐದರಲ್ಲೊಂದು ಪಾಲಿಗೂ ಮಿಕ್ಕು ಹೆಚ್ಚಿತ್ತು. ಆದರೂ ಈ ಕುಂದಿಗೆ ಪರಿಹಾರ ಕಾಣದವರು ಜಗತ್ತಿನಲ್ಲಿ ಸುಮಾರು 82 ಕೋಟಿ 60 ಲಕ್ಷ ಮಂದಿ ಇದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಲೆಕ್ಕ ಹಾಕಿತು.

ರಾಜಗುರುವಿನ ಗ್ರಂಥದ ಬಳಿಗೆ ಸಾಗರ ದಾಟಿ ಬಂದ ವಸ್ತುವು ಐದು ನೂರು ವರ್ಷ ಕಳೆದರೂ ಎಷ್ಟೋ ಮನೆಗಳ ಮೊರದ ಬಳಿಗೆ ಬರಲಿಲ್ಲ. ‘ವಯಸ್ಸಾಯಿತು, ಇನ್ನೇನು’ ಎಂದು ಮುದುಕರು ಹೇಳಿದಾಗ ನಾವು ತಲೆದೂಗಿ ಸುಮ್ಮನಾಗುವುದೂ ಇದಕ್ಕೊಂದು ಕಾರಣ. ಆ ಮಾತಿಗೆ ಒಡನೆ ಕೊಡತಕ್ಕ ಉತ್ತರವು ಏಳು ನೂರು ವರ್ಷಗಳಿಂದ ಸಿದ್ಧವಾಗಿದೆ; ಅದನ್ನು ಅವರ ಮೂಗಿನ ಮೇಲೆ ಇಡಿಸುವುದು ನಮ್ಮ ಪಾಲಿನ ಕೆಲಸ.