ತನ್ನ ಹೆಸರು ತಾನೇ ಕೇಳುವ ಯಂತ್ರ

ಪುಣೆಯ ಜೂನಾ ಬಾಜಾರಿನಲ್ಲಿ ಬುಧವಾರ, ಭಾನುವಾರ ಸಂತೆ. ಹಳೆಯ ತಾಮ್ರದ ಹಂಡೆ, ತುಕ್ಕು ಹಿಡಿದ ಸ್ಪ್ಯಾನರು, ನಿಂತುಹೋದ ಗಡಿಯಾರಗಳ ನಡುವೆ ಒಂದು ಭಾನುವಾರ ನನಗೆ ದಪ್ಪನೆಯ ಮಾನಿಟರೊಂದು ಕಂಡಿತು. ತಿರುಗಿಸಿ ನೋಡಿದರೆ ಸ್ಪಾರ್ಕ್‌ಸ್ಟೇಷನ್ ಎಸ್‌ಎಲ್‌ಸಿ. ಸನ್ ಮೈಕ್ರೋಸಿಸ್ಟಮ್ಸ್ 1990ರಲ್ಲಿ ತಂದ ಇಡೀ ಕಂಪ್ಯೂಟರು ಅದು. ಬೋರ್ಡು ಪರದೆಯ ಬೆನ್ನಿನಲ್ಲೇ ಇರುತ್ತದೆ. ಒಳಗೆ ಡಿಸ್ಕ್ ಇಲ್ಲ. ಯಾರೋ ಬಿಚ್ಚಿಕೊಂಡದ್ದಲ್ಲ, ಇಡಲು ಜಾಗವನ್ನೇ ಮಾಡಿರಲಿಲ್ಲ. ಮಾರುವವನು "ಟಿವಿ ಆಹೆ, ಸಾಹೇಬ್" ಎಂದ. ಹಳೇ ಟಿವಿಯ ಬೆಲೆಗೇ ಹೊತ್ತು ತಂದೆ.

ಡಿಸ್ಕಿಲ್ಲದ ಕಂಪ್ಯೂಟರನ್ನು ಯಾಕೆ ಮಾಡಿದರು ಎಂದು ಇವತ್ತಿನವರು ಕೇಳಬಹುದು. ಎಂಬತ್ತರ ದಶಕದಲ್ಲಿ ಡಿಸ್ಕ್ ದುಬಾರಿ, ಸದ್ದೂ ಜಾಸ್ತಿ. 1985ರಲ್ಲಿ ಶುರುವಾದ ಸನ್-3 ಸಾಲಿನ 3/50 ಯಂತ್ರಕ್ಕೆ 4 ಮೆಗಾಬೈಟ್ ಮೆಮೊರಿ ಇತ್ತು, ಡಿಸ್ಕ್ ಇರಲಿಲ್ಲ. ಮೇಜಿಗೊಂದು ಡಿಸ್ಕ್ ಕೊಳ್ಳುವ ಬದಲು ಒಂದೇ ಸರ್ವರಿಗೆ ದೊಡ್ಡ ಡಿಸ್ಕ್ ಹಾಕಿ, ಉಳಿದವಕ್ಕೆ ತಂತಿಯ ಮೇಲೆ ಬಡಿಸುವುದು: ನಮ್ಮ ಮೆಸ್ಸಿನ ಲೆಕ್ಕವೇ. ಬಡಿಸುವ ಕೆಲಸ ಎನ್‌ಎಫ್‌ಎಸ್‌ನದು. ಅಡುಗೆಯವರು ರಜೆ ಹಾಕಿದರೆ ಏನಾಗುತ್ತದೋ ಇಲ್ಲೂ ಅದೇ. ಸರ್ವರ್ ನಿಂತರೆ ಸಾಲಿನ ಎಲ್ಲ ಪರದೆಗಳೂ "ಉತ್ತರ ಬರುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ" ಎಂದು ಕಲ್ಲಾಗಿ ಕೂರುತ್ತಿದ್ದವು.

ಆದರೆ ಮೊದಲ ತುತ್ತಿಗೇ ತೊಡಕು. ನೆಟ್‌ವರ್ಕಿನಿಂದ ಫೈಲು ತರಲು ಐಪಿ ವಿಳಾಸ ಬೇಕು. ವಿಳಾಸ ಬರೆದಿಡುವುದು ಫೈಲಿನಲ್ಲಿ. ಫೈಲು ಇರುವುದು ಸರ್ವರಿನಲ್ಲಿ. ಈ ಊರಿಗೆ ಬಂದ ಹೊಸದರಲ್ಲಿ ನನ್ನದೂ ಇದೇ ಕಥೆ: ಬ್ಯಾಂಕ್ ಖಾತೆಗೆ ಬಾಡಿಗೆ ಕರಾರು ತನ್ನಿ ಎಂದರು, ಮನೆ ಮಾಲೀಕರು ಕರಾರಿಗೆ ಮುಂಚೆ ಇಲ್ಲಿನ ಖಾತೆಯ ಚೆಕ್ ಕೇಳಿದರು.

ಈ ಗಂಟನ್ನು ಬಿಡಿಸಿದ್ದು ಸ್ಟ್ಯಾನ್‌ಫರ್ಡಿನ ನಾಲ್ವರು: ಫಿನ್ಲೇಸನ್, ಮ್ಯಾನ್, ಮೊಗಲ್, ತೈಮರ್. 1984ರ ಜೂನಿನಲ್ಲಿ ಅವರು ಆರ್‌ಎಆರ್‌ಪಿ ಎಂಬ ಪದ್ಧತಿಯನ್ನು ಬರೆದರು. ಯಂತ್ರಕ್ಕೆ ಹುಟ್ಟುವಾಗ ಸಿಕ್ಕ 48 ಬಿಟ್‌ನ ಈಥರ್ನೆಟ್ ಸಂಖ್ಯೆಯೊಂದು ಮಾತ್ರ ಗೊತ್ತು. ಅದನ್ನೇ ತಂತಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ಈ ಸಂಖ್ಯೆಯವನು ನಾನು, ನನ್ನ ವಿಳಾಸ ಏನು? ಪಟ್ಟಿ ಇಟ್ಟುಕೊಂಡ ಸರ್ವರ್ ಹೇಳುತ್ತದೆ. ಆದರೆ ಈ ಕೂಗು ರೌಟರ್ ದಾಟುವುದಿಲ್ಲ. ಪ್ರತಿ ಗಲ್ಲಿಗೂ ಗುರುತಿನವರೊಬ್ಬರು ಇರಲೇಬೇಕು. ಮರುವರ್ಷ ಕ್ರಾಫ್ಟ್ ಮತ್ತು ಗಿಲ್ಮೋರ್ ಬರೆದ ಬೂಟ್‌ಪಿ ಆ ಗೋಡೆಯನ್ನು ದಾಟಿತು. ಅದರ ಮಗುವೇ ಡಿಎಚ್‌ಸಿಪಿ. ನಿಮ್ಮ ಫೋನು ವೈಫೈ ಸೇರುವಾಗ ಕೇಳುವುದೂ ಇದೇ ಪ್ರಶ್ನೆ.

ವಿಳಾಸ ಸಿಕ್ಕ ಮೇಲೆ ಟಿಎಫ್‌ಟಿಪಿ. ಪಾಸ್‌ವರ್ಡಿಲ್ಲ, ಠಾಕುಠೀಕಿಲ್ಲ, 512 ಬೈಟ್ ಕೊಟ್ಟು, "ಬಂತು" ಎಂದ ಮೇಲೆ ಇನ್ನೊಂದು 512. ಇಷ್ಟು ಸರಳವಾದ್ದರಿಂದಲೇ ಅದು ಪುಟ್ಟ ರೋಮ್ ಚಿಪ್ಪಿನಲ್ಲಿ ಹಿಡಿಯಿತು. ಹೀಗೆ ಬಂದ ಚಿಕ್ಕ ಪ್ರೋಗ್ರಾಮು ಮತ್ತೊಮ್ಮೆ ಕೇಳುತ್ತದೆ. ಸನ್‌ನವರ ಬೂಟ್‌ಪ್ಯಾರಮ್ಸ್ ಪದ್ಧತಿಯಲ್ಲಿ ಆ ಪ್ರಶ್ನೆಯ ಹೆಸರೇ "ಹೂ ಆ್ಯಮ್ ಐ". ಆಗ ಸಿಗುವುದು ಹೆಸರು. ಆಮೇಲೆ, ನನ್ನ ಸಾಮಾನು ಯಾವ ಡೈರೆಕ್ಟರಿಯಲ್ಲಿದೆ ಎಂಬ ವಿಚಾರಣೆ.

ನನ್ನ ಎಸ್‌ಎಲ್‌ಸಿಗೆ ಹುಟ್ಟಿನ ಸಂಖ್ಯೆಯೂ ನೆನಪಿರಲಿಲ್ಲ. ಅದನ್ನು ಕಾಯುವ ಚಿಪ್ಪಿನೊಳಗಿನ ಬ್ಯಾಟರಿ ವಯಸ್ಸಾಗಿ ಸತ್ತಿತ್ತು. ಕೀಬೋರ್ಡ್ ಸಿಗದೆ ಸೀರಿಯಲ್ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಹೊಸ ಸಂಖ್ಯೆಯನ್ನು ಕೈಯಾರೆ ಬರೆದೆ. ಮೊದಲ ಮೂರು ಭಾಗ ಸನ್ ಮನೆತನದ್ದು: 8, 0, 20. ಉಳಿದ ಮೂರಕ್ಕೆ ಈ ಯಂತ್ರಗಳ ಹಳೇ ಪ್ರೇಮಿಗಳ ರೂಢಿಯಂತೆ ಸಿ0, ಎಫ್‌ಎಫ್, ಇಇ. ಕೂಡಿಸಿ ಓದಿದರೆ ಕಾಫಿ!

ಆಪರೇಟಿಂಗ್ ಸಿಸ್ಟಮ್ ಹಾಕುವುದು ಎಂದರೂ ಯಂತ್ರವನ್ನು ಮುಟ್ಟುವ ಕೆಲಸವಿಲ್ಲ. ನೆಟ್‌ಬಿಎಸ್‌ಡಿಯ ಕಟ್ಟುಗಳನ್ನು ಲ್ಯಾಪ್‌ಟಾಪಿನ ಒಂದು ಡೈರೆಕ್ಟರಿಯಲ್ಲಿ ಬಿಚ್ಚಿ, ಸ್ವಾಪ್‌ಗೊಂದು ಫೈಲು ಮಾಡಿ, ಎನ್‌ಎಫ್‌ಎಸ್‌ಗೆ ಒಪ್ಪಿಸಿದೆ. "ಬೂಟ್ ನೆಟ್" ಎಂದು ಬರೆದೆ. ಎರಡು ರಾತ್ರಿ ಒಂದೇ ಗೊಣಗಾಟ, ಆರ್‌ಎಆರ್‌ಪಿ ಪ್ಯಾಕೆಟ್ಟಿಗೆ ಕಾದು ಸಾಕಾಯಿತು ಅಂತ. ಪಟ್ಟಿಯಲ್ಲಿ ಒಂದು ಅಂಕಿ ನಾನೇ ತಪ್ಪು ಬರೆದಿದ್ದೆ. ಮೂರನೆಯ ರಾತ್ರಿ ವಿಳಾಸ ಸಿಕ್ಕಿತು, ಫೈಲು ಸಿಗಲಿಲ್ಲ. ಯಂತ್ರ ಕೇಳುವ ಫೈಲಿನ ಹೆಸರು ಅದರ ವಿಳಾಸವೇ, ಹದಿನಾರರ ಎಣಿಕೆಯಲ್ಲಿ: 192.168.1.10 ಎಂದರೆ ಸಿ0ಎ8010ಎ, ಕೊನೆಗೆ ಯಂತ್ರದ ಜಾತಿಯ ಬಾಲ. ಅಕ್ಷರಗಳು ದೊಡ್ಡವಾಗಿರಬೇಕು, ನಾನು ಸಣ್ಣವು ಬರೆದಿದ್ದೆ.

ತಿದ್ದಿದ ಮೇಲೆ ಸಾಲುಗಳು ಒಂದೊಂದಾಗಿ ಇಳಿದವು. ಧಾರವಾಡದ ಹೊಳೆಯ ಹೆಸರಿಟ್ಟಿದ್ದೆ. ಕಡೆಯ ಸಾಲಿನಲ್ಲಿ ಶಾಲ್ಮಲಾ ಎಂದು ಬಂದು, ಪಕ್ಕದಲ್ಲಿ ಲಾಗಿನ್ ಎಂದು ಕಾಯತೊಡಗಿತು. ನೋಡುತ್ತಿದ್ದ ಹುಬ್ಬಳ್ಳಿಯ ರೂಮ್‌ಮೇಟ್, "ತನ್ನ ಹೆಸರು ತಾ ಹೇಳಾಕ ಮೂರು ರಾತ್ರಿ ಬೇಕಾತೇನಲೇ ಇದಕ್ಕ?" ಅಂದ.

ಸ್ವಿಚ್ ಆರಿಸಿದರೆ ಕಾಫಿಯ ಸಂಖ್ಯೆ ಮತ್ತೆ ಅಳಿಸಿಹೋಗುತ್ತದೆ, ಮತ್ತೆ ಬರೆಯಬೇಕು. ಆ ರಾತ್ರಿ ಆರಿಸಲಿಲ್ಲ.